ಉಟ್ಟ ಬಟ್ಟೆಯ ಒಂದು ತುಂಡು

ಒಮಾನಿನ ಅಲ್ ಹೈಲ್‌ನ ಆ ಮನೆಯ ತಾರಸಿಯಲ್ಲಿ ಬಟ್ಟೆ ಒಣಗಿಸಲು ಎರಡು ಹಗ್ಗಗಳಿದ್ದವು. ಗೋಡೆ ಪಕ್ಕದ್ದು ನಮ್ಮದು, ನೀರಿನ ಟ್ಯಾಂಕಿನ ಕಡೆಯದು ಕೆಳಗಿನ ಮನೆಯವರದು. ಹೀಗೆಂದು ಯಾರೂ ಹೇಳಿರಲಿಲ್ಲ, ಬಾಡಿಗೆಗೆ ಬಂದ ಮೊದಲ ವಾರದಲ್ಲೇ ತಾನಾಗಿ ತೀರ್ಮಾನವಾಗಿತ್ತು. ಮೇಲಿನ ಮಹಡಿಯಲ್ಲಿ ನಾನು ಮತ್ತು ನನ್ನ ಜೊತೆಗಾತಿ. ಅವಳು ಪುತ್ತೂರಿನವಳು, ಮನೆಮಾತು ತುಳು, ಒಂದು ಟ್ರಾವೆಲ್ ಆಫೀಸಿನಲ್ಲಿ ಕೆಲಸ. ನಾನು ಹಳಿಯಾಳ ತಾಲ್ಲೂಕಿನ ಕಾಡಂಚಿನ ಊರಿನ ಸಿದ್ದಿಯವಳು, ಒಂದು ಭಾರತೀಯ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಕೆಳಗೆ ಮನೆಯ ಒಡತಿ, ಅರವತ್ತು ದಾಟಿದ ವಿಧವೆ, ಮತ್ತು ಬ್ಯಾಂಕಿಗೆ ಹೋಗುವ ಅವರ ಮಗಳು. ಒಡತಿಯನ್ನು ನಾವು ಖಾಲಾ ಎನ್ನುತ್ತಿದ್ದೆವು, ಊರಲ್ಲಿ ಚಿಕ್ಕಮ್ಮ ಎಂದ ಹಾಗೆ.

ಈ ನಾಲ್ವರನ್ನು ಸಾಲಾಗಿ ನಿಲ್ಲಿಸಿ ಯಾರು ಯಾರ ಸಂಬಂಧಿಕರು ಎಂದು ಕೇಳಿದರೆ ಅಪರಿಚಿತರು ನನ್ನನ್ನೇ ಕೆಳಗಿನ ಮನೆಗೆ ಸೇರಿಸುತ್ತಿದ್ದರು. ಮೈಬಣ್ಣ, ಕೂದಲು, ಹಣೆ. ಅಂಗಡಿಗಳಲ್ಲಿ ನನ್ನೊಡನೆ ಅರಬ್ಬಿ ಮಾತಾಡುತ್ತಿದ್ದರು, ಒಬ್ಬಿಬ್ಬರು ಹಿರಿಯರು ಸ್ವಾಹಿಲಿ. ಊರಲ್ಲಿ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಿಂದ ಬೆಂಗಳೂರಿನ ಇಂಟರ್‌ವ್ಯೂವರೆಗೆ ಎಲ್ಲೆಡೆ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಕನ್ನಡ ಎಲ್ಲಿ ಕಲಿತಿರಿ ಎಂದು. ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ. ಬಾಯಿ ತೆರೆಯುವವರೆಗೆ ನಾನು ಗುಂಪಿನಲ್ಲಿ ಒಬ್ಬಳು. ಆ ನೆಮ್ಮದಿ ನನಗೆ ಎಷ್ಟು ಇಷ್ಟವಾಗಿತ್ತೆಂದರೆ ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದ್ದೆ.

ಅದು ಕೆಟ್ಟದ್ದು ಒಂದು ವಿಡಿಯೊ ಕರೆಯಿಂದ. ಸಂಜೆ ಅಂಗಳದಲ್ಲಿ ನಿಂತು ಅವ್ವನ ಜೊತೆ ಮಾತಾಡುತ್ತಿದ್ದೆ. ನನ್ನ ಹಿಂದೆ ಖಾಲಾ ನಿಂಬೆಗಿಡಕ್ಕೆ ನೀರಿನ ಪೈಪು ಎಳೆದುಕೊಂಡು ಹೋದರು. ಅವ್ವ ಮಾತು ನಿಲ್ಲಿಸಿದಳು.

"ಅದು ಯಾರ ಮನಿಯಾಕಿ?"

"ಮನಿ ಮಾಲಕರು. ಇಲ್ಲಿಯವರ."

"ಸುಳ್ಳ ಹೇಳಬ್ಯಾಡ. ನಡಿಗಿ ನೋಡಿದಿಯಿಲ್ಲೊ? ನಿಮ್ಮ ದೊಡ್ಡವ್ವ ಎದ್ದು ಬಂದಂಗ ಆತು."

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ, ನನ್ನನ್ನು ಬೆಳೆಸಿದವಳು ಅವಳೇ. ಹಿಂದಿನ ವರ್ಷ ತೀರಿಕೊಂಡಿದ್ದಳು. ಅವ್ವ ಅವಳ ಹೆಸರೆತ್ತಿದರೆ ನಾನು ಮಾತು ಬದಲಿಸುತ್ತಿದ್ದೆ. ಅಂದೂ ಬದಲಿಸಿದೆ. ಎರಡು ದಿನ ಬಿಟ್ಟು ಅವ್ವ ತಾನಾಗಿ ಕರೆ ಮಾಡಿದಳು.

"ಕೌದಿ ಮುಗಿಯಾಕ ಬಂದೈತಿ. ನಡುವ ಅಂಗೈ ಅಗಲ ಉಳದೈತಿ ನೋಡು. ಎಲ್ಲಾರದೂ ಬಂತು, ದೊಡ್ಡವ್ವಂದ ಒಂದ ಇಲ್ಲ. ಆಕಿ ಬದಲಿ ಆ ಮನಿ ಮಾಲಕಿ ಉಟ್ಟದ್ದು ಒಂದು ತುಂಡು ಕೇಳಿ ಕಳಸು. ಹೊಸಾದು ಬ್ಯಾಡ."

ಅತ್ತಿಗೆಗೆ ಆಗ ಏಳನೆಯ ತಿಂಗಳು. ಮನೆಯ ಮೊದಲ ಮೊಮ್ಮಗು. ನಮ್ಮಲ್ಲಿ ಮಗು ಹುಟ್ಟುವ ಮೊದಲೇ ಅಜ್ಜಿಯಾಗುವವಳು ಕೌದಿ ಹೊಲಿದಿಡುತ್ತಾಳೆ. ಕವಂದ ಎನ್ನುತ್ತೇವೆ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ತುಂಡುಗಳನ್ನು ಕೂಡಿಸುತ್ತ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂ. ಕೊನೆಯ ತುಂಡಿನ ಕೆಳಗೆ ಒಂದು ಚಿಟಿಕೆ ಅಕ್ಕಿ ಇಟ್ಟು ಮುಚ್ಚುತ್ತಾಳೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆಯಿದೆ. ಮೊದಲ ಮಗುವಿನ ಕೌದಿಯಲ್ಲಿ ಆ ಮನೆಯ ಒಲೆ ಊದಿದ ಪ್ರತಿಯೊಬ್ಬ ಹೆಂಗಸಿನ ಉಟ್ಟ ಬಟ್ಟೆಯೂ ಇರಬೇಕು. ಒಂದು ತಪ್ಪಿದರೂ ಅವ್ವ ನಡುವನ್ನು ಮುಚ್ಚುವವಳಲ್ಲ.

ದೊಡ್ಡವ್ವನದು ಯಾಕೆ ಇರಲಿಲ್ಲವೆಂದರೆ, ನಾನೇ ಕಾರಣ. ಅವಳು ತೀರಿಕೊಂಡಾಗ ಹತ್ತು ದಿನದ ರಜೆಯಲ್ಲಿ ಹೋಗಿದ್ದೆ. ಅವ್ವ ಜ್ವರದಲ್ಲಿ ಮಲಗಿದ್ದಳು. ನನಗೆ ಸುಮ್ಮನೆ ಕೂರಲಾಗಲಿಲ್ಲ. ದೊಡ್ಡವ್ವನ ಟ್ರಂಕು ತೆಗೆದು ಸೀರೆ, ಕುಪ್ಪಸ, ಹಳೆಯ ಶಾಲು ಎಲ್ಲವನ್ನೂ ಅಚ್ಚುಕಟ್ಟಾಗಿ ಮಡಿಸಿ ಎರಡು ಗಂಟು ಕಟ್ಟಿ, ಪೇಟೆಯಿಂದ ಹಳೇ ಬಟ್ಟೆ ಕೇಳಿಕೊಂಡು ಬಂದ ಗಾಡಿಗೆ ಕೊಟ್ಟುಬಿಟ್ಟೆ. ಟ್ರಂಕು ಒರೆಸಿ, ಅದರೊಳಗೆ ಬೇವಿನ ಎಲೆ ಹಾಕಿ ಮುಚ್ಚಿದೆ. ಕೆಲಸ ಮುಗಿಸಿದ ಸಮಾಧಾನವಾಯಿತು. ಜ್ವರ ಬಿಟ್ಟು ಎದ್ದ ಅವ್ವ ಟ್ರಂಕಿನ ಮುಚ್ಚಳ ತೆಗೆದು ನೋಡಿದಳು, ಮತ್ತೆ ಮುಚ್ಚಿದಳು. ಒಂದು ಮಾತೂ ಆಡಲಿಲ್ಲ. ಈಗಲೂ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಹಾಗಾಗಿ ಅವ್ವ ಕೇಳಿದ್ದಕ್ಕೆ ಆಗುವುದಿಲ್ಲ ಎನ್ನುವ ಹಕ್ಕು ನನಗಿರಲಿಲ್ಲ. ನೋಡ್ತೀನಿ ಎಂದೆ.

ಅಂದಿನಿಂದ ನನಗೆ ಒಂದು ಕಡೆ ಕೂರುವುದು ಕಷ್ಟವಾಯಿತು. ಶಾಲೆಯಿಂದ ಬಂದು ಚಹಾ ಕುಡಿದು, ಕಾರಣವಿಲ್ಲದೆ ಬೀದಿ ಸುತ್ತಲು ಹೊರಡುತ್ತಿದ್ದೆ. ಒಂದೇ ಬಣ್ಣದ ಮನೆಗಳು, ಎತ್ತರದ ಕಾಂಪೌಂಡುಗಳು, ನೆರಳಿಲ್ಲದ ಕಾಲುದಾರಿ. ಬಿಸಿಲು ಇಳಿದ ಮೇಲೂ ಗೋಡೆಗಳು ಕಾವು ಬಿಡುತ್ತಿದ್ದವು. ನಡೆಯುತ್ತ ಖಾಲಾಗೆ ಹೇಳಬೇಕಾದ ವಾಕ್ಯವನ್ನು ಹಿಂದಿಯಲ್ಲಿ ಜೋಡಿಸುವುದು, ಮನೆ ಹತ್ತಿರ ಬಂದಾಗ ಅದನ್ನು ಬಿಟ್ಟುಬಿಡುವುದು.

ಬಟ್ಟೆ ಕೇಳುವುದೇ ಒಂದು ಮುಜುಗರ. ಅದಕ್ಕಿಂತ ದೊಡ್ಡದು, ಯಾಕೆ ನನ್ನದೇ ಎಂದು ಅವರು ಕೇಳಿದರೆ ಹೇಳಬೇಕಾದ ಉತ್ತರ.

ನಾನು ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು. ನಿಮ್ಮ ಜನರ ಮೇಲೇ ಪ್ರಬಂಧ ಬರೆಯಿರಿ ಎಂದು ಪ್ರತಿ ಅಧ್ಯಾಪಕರೂ ಹೇಳಿದರು. ನಾನು ಧಾರವಾಡ ಸೀಮೆಯ ಕೆರೆಗಳ ಮೇಲೆ ಬರೆದೆ. ಆದರೆ ಓದುವುದನ್ನು ಮಾತ್ರ ಓದಿದ್ದೆ, ಯಾರೂ ನೋಡದಾಗ. ಆಫ್ರಿಕದ ಪೂರ್ವ ಕರಾವಳಿಯಿಂದ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದಿಳಿದವರು, ಅಲ್ಲಿನ ದೊಡ್ಡ ಮನೆಗಳಲ್ಲಿ ಗುಲಾಮರಾಗಿ ದುಡಿದವರು, ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರು. ಪೋರ್ಚುಗೀಸರ ಗಡಿ ದಾಟಿದರೆ ಬಚಾವು. ಅವರು ಕಾಡು ಸವರಿ ಗದ್ದೆ ಮಾಡಿಕೊಂಡರು, ಅಲ್ಲಲ್ಲಿ ಹತ್ತು ಹದಿನೈದು ಮನೆಗಳ ಊರು ಕಟ್ಟಿದರು. ಆಮೇಲೆ ಬ್ರಿಟಿಷರ ಅರಣ್ಯ ಇಲಾಖೆ ಬಂದು ಗಡಿಕಲ್ಲು ನೆಟ್ಟಿತು. ಕಲ್ಲಿನ ಈಚೆ ಉಳಿದವರು ರೈತರು, ಆಚೆ ಉಳಿದವರು ಅತಿಕ್ರಮಣದವರು. ನಮ್ಮದು ಆಚೆ. ದೊಡ್ಡವ್ವನ ಕಾಲದವರೆಗೂ ನಮ್ಮ ಮನೆಗೆ ನಂಬರ್ ಇರಲಿಲ್ಲ.

ಅದೇ ಕರಾವಳಿಯಿಂದ ಬೇರೆ ಹಡಗುಗಳು ಈ ಕಡೆಗೂ ಬಂದಿದ್ದವು. ಖರ್ಜೂರದ ತೋಟಕ್ಕೆ, ಮನೆಗೆಲಸಕ್ಕೆ, ಹಡಗಿನ ಕೆಲಸಕ್ಕೆ ಕೊಂಡು ತಂದವರು ಒಂದು ಬಗೆ. ಜಂಜಿಬಾರಿನಲ್ಲಿ ಒಮಾನಿ ಸುಲ್ತಾನರ ಆಳ್ವಿಕೆ ಇದ್ದಾಗ ಅಲ್ಲಿ ಹೋಗಿ ನೆಲೆಸಿ, ಆಳ್ವಿಕೆ ಉರುಳಿದ ಮೇಲೆ ಸ್ವಾಹಿಲಿ ಮಾತಾಡುತ್ತ ಹಿಂದಿರುಗಿದ ಅರಬ್ ಮನೆತನಗಳು ಇನ್ನೊಂದು ಬಗೆ. ಹೊರಗಿನವರ ಕಣ್ಣಿಗೆ ಇಬ್ಬರೂ ಒಂದೇ. ಇಲ್ಲಿಯವರಿಗೆ ಆ ವ್ಯತ್ಯಾಸದ ಮೇಲೆ ಮದುವೆಗಳು ನಿಲ್ಲುತ್ತವೆ, ಮುರಿಯುತ್ತವೆ. ಖಾಲಾ ಯಾವ ಬಗೆಯವರು ಎಂದು ನನಗೆ ಗೊತ್ತಿರಲಿಲ್ಲ. ಮಗಳಿಗೆ ನೋಡುತ್ತಿದ್ದ ಒಂದು ಸಂಬಂಧ ಆ ಚಳಿಗಾಲದಲ್ಲಿ ತಪ್ಪಿಹೋಗಿತ್ತು ಎಂಬುದು ಮಾತ್ರ ಗೊತ್ತಿತ್ತು. ಗಂಡಿನ ಕಡೆಯವರು ಅಜ್ಜನ ಅಜ್ಜನವರೆಗೂ ಕೇಳಿದರು ಎಂದು ಖಾಲಾ ಒಮ್ಮೆ ಹೇಳಿದ್ದರು. ಅಂಥ ಮನೆಯ ಬಾಗಿಲಲ್ಲಿ ನಿಂತು, ನೀವು ನಮ್ಮವರ ಹಾಗೆ ಕಾಣುತ್ತೀರಂತೆ ಎಂದು ಹೇಳುವುದು ಹೇಗೆ?

ಜೊತೆಗಾತಿಗೆ ಹೇಳಿದ್ದು ತಪ್ಪಾಯಿತೋ ಸರಿಯಾಯಿತೋ ಗೊತ್ತಿಲ್ಲ. ಅವಳು ಮೀನು ಹುರಿಯುತ್ತಿದ್ದಳು.

"ಎಂತ ಮಾರಾಯ್ತಿ ನಿನ್ನ ಅಮ್ಮ. ಉಟ್ಟ ಬಟ್ಟೆ ಕೇಳುವುದಾ? ನಮ್ಮಲ್ಲಿ ಯಾರಾದರೂ ಹಾಗೆ ಕೇಳಿದರೆ ಮಾಟ ಮಾಡಿಸ್ಲಿಕ್ಕೆ ಅಂತ ಹೇಳಿ ಮೆಟ್ಟಿಲು ಹತ್ತಲಿಕ್ಕೆ ಬಿಡುವುದಿಲ್ಲ. ಇವರು ಅದಕ್ಕೆ ನಮಗಿಂತ ಹೆದರ್ತಾರೆ."

"ಗೊತ್ತು."

"ಬೇಕಾದರೆ ನಾನು ಕೇಳ್ತೇನೆ. ನನಗೆ ಮರ್ಯಾದೆ ಇಲ್ಲ, ನಿನಗುಂಟು."

"ಬೇಡ."

"ಹಾಗಾದರೆ ಒಂದು ಹೊಸದು ತಾ. ಹತ್ತು ಸರ್ತಿ ತೊಳಿ. ನಿನ್ನ ಅಮ್ಮನಿಗೆ ಎಂತ ಗೊತ್ತಾಗ್ತದೆ?"

ನಾನು ಅದನ್ನೇ ಮಾಡಿದೆ. ಖಾಲಾ ಮನೆಯಲ್ಲಿ ಉಡುತ್ತಿದ್ದುದು ಕಾಂಗಾ, ಜಂಜಿಬಾರಿನ ಕಡೆಯ ಹೆಂಗಸರ ಅಗಲವಾದ ಹತ್ತಿ ಬಟ್ಟೆ. ಸುತ್ತ ಅಂಚು, ನಡುವೆ ದೊಡ್ಡ ಚಿತ್ತಾರ, ಅಂಚಿನ ಮೇಲೆ ಸ್ವಾಹಿಲಿಯ ಒಂದು ಸಾಲು. ಒಂದನ್ನು ಸೊಂಟಕ್ಕೆ ಸುತ್ತಿ ಇನ್ನೊಂದನ್ನು ಹೊದೆಯುತ್ತಾರೆ. ಸೀಬ್‌ನ ಸಂತೆಯಲ್ಲಿ ಅಂಥದೇ ಒಂದು ಹುಡುಕಿ ತಂದೆ, ಹಳದಿ ಮೇಲೆ ಕಪ್ಪು. ವಾಷಿಂಗ್ ಮೆಷಿನ್‌ನಲ್ಲಿ ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಹೊಸ ಬಟ್ಟೆಯ ಗಂಜಿ ಹೋಗಲೆಂದು ಒಂದು ವಾರ ಕೋಣೆಯಲ್ಲಿ ನಾನೇ ಸುತ್ತಿಕೊಂಡು ಓಡಾಡಿದೆ. ಜೊತೆಗಾತಿ ನಗುತ್ತಿದ್ದಳು. ಕೊನೆಗೆ ಅಲ್ ಮವಾಲೇಹ್‌ನಲ್ಲಿ ನಮಗೆ ದಿನಸಿ ಕೊಡುತ್ತಿದ್ದ ಬ್ಯಾರಿ ಅಂಗಡಿಯವರು ಮಂಗಳೂರಿಗೆ ಹೊರಟಾಗ ಅವರ ಕೈಯಲ್ಲಿ ಕಳಿಸಿದೆ. ಅಲ್ಲಿಂದ ಅಣ್ಣನಿಗೆ ಬಸ್ಸಿನ ಪಾರ್ಸೆಲ್.

ಅದು ಮುಟ್ಟಿದ ದಿನ ಅವ್ವ ವಿಡಿಯೊ ಕರೆ ಮಾಡಿದಳು. ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಬೆರಳುಗಳಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ಸವರುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.

"ತೊಳದೀ," ಎಂದಳು. "ಉಟ್ಟಿಲ್ಲ."

ನಾನು ಫೋನನ್ನು ಇನ್ನೊಂದು ಕೈಗೆ ಬದಲಿಸಿದೆ.

"ಉಟ್ಟ ಬಟ್ಟಿ ಗಂಟು ಹಾಕೋ ಕಡೆ ಸವೀತೈತಿ. ಕುಂದ್ರೋ ಕಡೆ ತೆಳ್ಳಗಾಗತೈತಿ. ಇದು ಎಲ್ಲಾ ಕಡೆ ಒಂದ ಸಮ ಮಾಸೈತಿ. ಇದು ಯಾರದೂ ಅಲ್ಲ." ಬಟ್ಟೆಯನ್ನು ಮಡಿಸಿ ಬದಿಗಿಟ್ಟು, "ಕೇಳಾಕ ಆಗದಿದ್ರ ಆಗೂದಿಲ್ಲ ಅನ್ನು. ನನಗ ಆಟ ಆಡಬ್ಯಾಡ."

ಅಷ್ಟು ಓದಿದವಳು ನಾನು, ಬಟ್ಟೆ ಎಲ್ಲಿ ಸವೆಯುತ್ತದೆ ಎಂದು ಯೋಚಿಸಿರಲಿಲ್ಲ.

ಮರುದಿನ ಶುಕ್ರವಾರ. ಶುಕ್ರವಾರ ಬೆಳಿಗ್ಗೆ ಖಾಲಾ ತೆಂಗಿನಹಾಲಿನಲ್ಲಿ ಹಿಟ್ಟು ಕಲಸಿ ಕರಿದು, ನಾಲ್ಕಾರು ಬಿಸಿಬಿಸಿಯನ್ನು ತಟ್ಟೆಯಲ್ಲಿಟ್ಟು ಮೇಲೆ ಕಳಿಸುತ್ತಿದ್ದರು. ಅಂದು ತಟ್ಟೆ ಬರುವ ಮೊದಲೇ ನಾನು ಇಳಿದು ಹೋದೆ. ಅಡಿಗೆಮನೆಯ ಹಿಂದಿನ ಕಟ್ಟೆಯ ಮೇಲೆ ಬಾಣಲೆ ಇಟ್ಟುಕೊಂಡು ಕೂತಿದ್ದರು. ನಮ್ಮ ಮಾತು ಯಾವಾಗಲೂ ಗಲ್ಫಿನ ಹಿಂದಿಯಲ್ಲಿ. ಅವರದು ಸಿನಿಮಾ ಮತ್ತು ಹಿಂದಿನ ಬಾಡಿಗೆದಾರರಿಂದ ಕಲಿತದ್ದು, ನನ್ನದು ಅದಕ್ಕಿಂತ ಕೆಟ್ಟದ್ದು. ಜೋಡಿಸಿಟ್ಟ ವಾಕ್ಯ ಮರೆತುಹೋಗಿ ನೇರವಾಗಿ ಕೇಳಿಬಿಟ್ಟೆ.

"ಖಾಲಾ, ನೀವು ಉಟ್ಟು ಹಳೆಯದಾದ ಒಂದು ಕಾಂಗಾ ಬೇಕಿತ್ತು."

ಅವರು ಸೌಟು ಕೆಳಗಿಟ್ಟರು. "ಉಟ್ಟದ್ದು? ಯಾಕೆ?"

ಮೊಬೈಲಿನಲ್ಲಿ ಕೌದಿಯ ಚಿತ್ರ ತೋರಿಸಿದೆ. ಮಗು, ಅಜ್ಜಿ, ಒಂದೊಂದು ತುಂಡು ಒಬ್ಬೊಬ್ಬರದು ಎಂದು ವಿವರಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು, ಹೊಲಿಗೆ ಚೆನ್ನಾಗಿದೆ ಎಂದರು.

"ನಿನ್ನ ತಾಯಿ ನನ್ನನ್ನು ಎಲ್ಲಿ ನೋಡಿದಳು?"

"ಫೋನಿನಲ್ಲಿ. ನೀವು ನಡೆಯುವುದು ತೀರಿಕೊಂಡ ನನ್ನ ದೊಡ್ಡವ್ವನ ಹಾಗೇ ಇದೆಯಂತೆ. ಅವರ ಬಟ್ಟೆ ಒಂದೂ ಉಳಿದಿಲ್ಲ. ನಾನೇ ಎಲ್ಲ ಕೊಟ್ಟುಬಿಟ್ಟೆ."

ಕೊನೆಯ ಮಾತನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಖಾಲಾ ನನ್ನನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು.

"ನಡಿಗೆಯಾ? ಅದು ನಡಿಗೆಯಲ್ಲ ಮಗಳೇ, ಸೊಂಟ. ಬಚ್ಚಲಲ್ಲಿ ಬಿದ್ದೆ. ನಿಜ್ವಾ ಊರಿನ ಆಸ್ಪತ್ರೆಯಲ್ಲಿ ಒಳಗೆ ಪ್ಲೇಟು ಹಾಕಿದ್ದಾರೆ. ಅದಕ್ಕೆ ಮೊದಲು ನಾನು ಹುಡುಗಿಯರ ಹಾಗೆ ನಡೆಯುತ್ತಿದ್ದೆ. ನಿನ್ನ ದೊಡ್ಡವ್ವನೂ ಬಿದ್ದಿದ್ದಳಾ?"

"ಹೌದು. ಕಾಡಿನಿಂದ ಕಟ್ಟಿಗೆ ಹೊರೆ ತರುತ್ತಿದ್ದಳು. ಫಾರೆಸ್ಟ್ ಗಾರ್ಡ್ ಬಂದ ಎಂದು ಓಡುವಾಗ ಹೊರೆ ಸಮೇತ ಬಿದ್ದಳು. ಆಸ್ಪತ್ರೆಗೆ ಹೋಗಲಿಲ್ಲ."

"ಕಟ್ಟಿಗೆ ಯಾರದು?"

"ಅದೇ ಜಗಳ."

ಖಾಲಾ ನಗು ನಿಲ್ಲಿಸಿ ಬಾಣಲೆಯಲ್ಲಿದ್ದುದನ್ನು ತಿರುವಿದರು. ಅಷ್ಟರಲ್ಲಿ ಒಳಬಾಗಿಲಿನಿಂದ ಮಗಳ ಧ್ವನಿ ಬಂತು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಅವರು ನನ್ನೊಡನೆ ಯಾವಾಗಲೂ ಇಂಗ್ಲಿಷಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವಷ್ಟೇ ವಿನಯದಿಂದ ಮಾತಾಡುತ್ತಿದ್ದರು.

"ನಾವು ನಿಮ್ಮ ಜನ ಎಂದು ನಿಮ್ಮ ತಾಯಿಗೆ ಯಾರು ಹೇಳಿದರು?"

"ಯಾರೂ ಹೇಳಿಲ್ಲ. ನಡಿಗೆ ಮಾತ್ರ..."

"ನಡಿಗೆ," ಎಂದರು. ತಾಯಿಗೆ ಅರಬ್ಬಿಯಲ್ಲಿ ಏನೋ ಗಡುಸಾಗಿ ಹೇಳಿದರು. ನನಗೆ ಅರ್ಥವಾದದ್ದು ಖಲಾಸ್ ಎಂಬ ಒಂದೇ ಮಾತು. ಖಾಲಾ ಬಾಣಲೆಯ ಕೆಳಗಿನ ಉರಿ ಆರಿಸಿದರು. ನಾನು ಮೇಲೆ ಬಂದೆ. ಅಂದು ತಟ್ಟೆ ಬರಲಿಲ್ಲ.

ಮುಂದಿನ ವಾರವೂ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಖಾಲಾ ಸಲಾಮಿಗೆ ಸಲಾಮ್ ಎನ್ನುತ್ತಿದ್ದರು, ಅಷ್ಟೆ. ಮನೆ ಬಿಡಿಸುತ್ತಾರೆ ಎಂದು ಜೊತೆಗಾತಿ ಬೇರೆ ಮನೆಗಳ ಫೋಟೊ ನೋಡತೊಡಗಿದಳು. "ಒಂದು ತುಂಡು ಬಟ್ಟೆಗೆ ಎರಡು ಬಾತ್‌ರೂಮಿನ ಮನೆ ಹೋಯ್ತು," ಎಂದಳು. ನನಗೆ ಹೋದದ್ದು ಬೇರೆ ಇನ್ನೇನೋ. ಯಾರೂ ತಿರುಗಿ ನೋಡದ ಊರಿನಲ್ಲಿ ನಾನೇ ಹೋಗಿ ಒಬ್ಬರನ್ನು ತಿರುಗಿ ನೋಡಿದ್ದೆ. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನನಗೆ ಮಾಡಿದ್ದನ್ನೇ ಅವರಿಗೆ ಮಾಡಿದ್ದೆ. ಲೈಬ್ರರಿಯಲ್ಲಿ ಜೋಡಿಸಿದ ಕಪಾಟನ್ನೇ ಮತ್ತೆ ಬಿಚ್ಚಿ ಜೋಡಿಸುತ್ತಿದ್ದೆ. ಅವ್ವ ಕರೆ ಮಾಡಿದರೆ ಅತ್ತಿಗೆಯ ಆರೋಗ್ಯ ಕೇಳಿ ಬೇಗ ಮುಗಿಸುತ್ತಿದ್ದೆ. ಅವ್ವನೂ ಆ ಮಾತೆತ್ತುತ್ತಿರಲಿಲ್ಲ. ಅವಳ ಹಿಂದೆ ಗಳುವಿನ ಮೇಲೆ ಕೌದಿ ತೂಗುತ್ತಿತ್ತು, ನಡುವೆ ಅಂಗೈ ಅಗಲ ಅಡಿಯ ಸೀರೆ ಕಾಣುತ್ತಿತ್ತು.

ಆಮೇಲೆ ಒಂದು ಭಾನುವಾರ ಸಂಜೆ ಬಟ್ಟೆ ತೆಗೆಯಲು ತಾರಸಿಗೆ ಹೋದಾಗ ಟ್ಯಾಂಕಿನ ಕಡೆಯ ಹಗ್ಗದಲ್ಲಿ ಒಂದೇ ಒಂದು ಕಾಂಗಾ ಉಳಿದಿತ್ತು. ಕಂದುಗೆಂಪು ಬಣ್ಣ, ಕಪ್ಪು ಮಾವಿನಕಾಯಿಗಳು. ಉಳಿದ ಬಟ್ಟೆಯನ್ನೆಲ್ಲ ಒಳಗೆ ಒಯ್ದಿದ್ದರು. ಮರೆತಿರಬೇಕು ಎಂದುಕೊಂಡೆ. ಸೋಮವಾರ ಬೆಳಿಗ್ಗೆಯೂ ಇತ್ತು. ಸಂಜೆ ಅವರು ಹಾಸಿಗೆಯ ಹೊದಿಕೆ ಒಣಹಾಕಿದ್ದರು, ಅದನ್ನು ತೆಗೆದುಕೊಂಡು ಹೋಗಿದ್ದರು, ಕಾಂಗಾ ಹಾಗೇ ಇತ್ತು. ನಾನು ಹತ್ತಿರ ಹೋಗಿ ಮುಟ್ಟದೆ ನೋಡಿದೆ. ಸೊಂಟದ ಗಂಟಿನ ಜಾಗದಲ್ಲಿ ನೂಲು ಎಳೆ ಬಿಟ್ಟಿತ್ತು. ಹಿಂಭಾಗದಲ್ಲಿ ಬೆಳಕು ತೂರಿ ಬರುವಷ್ಟು ತೆಳು. ಅಂಚಿನ ಅಕ್ಷರಗಳಲ್ಲಿ ಅರ್ಧ ಅಳಿಸಿದ್ದವು.

ಮಂಗಳವಾರ ಶಾಲೆಯಲ್ಲಿ ದಿನವಿಡೀ ಅದೇ ತಲೆಯಲ್ಲಿ. ನನಗಾಗಿ ಬಿಟ್ಟಿದ್ದರೆ ತೆಗೆದುಕೊಳ್ಳದಿರುವುದು ಅಹಂಕಾರ. ಮರೆತು ಬಿಟ್ಟಿದ್ದರೆ ತೆಗೆದುಕೊಳ್ಳುವುದು ಕಳ್ಳತನ, ಅದೂ ಉಟ್ಟ ಬಟ್ಟೆಯ ಕಳ್ಳತನ. ಜೊತೆಗಾತಿಗೆ ಹೇಳಿದರೆ ಅವಳೇ ಹೋಗಿ ಕಿತ್ತು ತರುತ್ತಾಳೆಂದು ಹೇಳಲಿಲ್ಲ. ಮನೆಗೆ ಬಂದವಳು ಚೀಲವನ್ನೂ ಇಳಿಸದೆ ತಾರಸಿಗೆ ಹೋಗಿ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಡಿಸಿ, ಕೆಳಗಿನ ಬಾಗಿಲು ತಟ್ಟಿದೆ.

ಖಾಲಾ ತೆರೆದರು. ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಇದು ಮೇಲೆ ಉಳಿದಿತ್ತು," ಎಂದೆ.

"ಯಾ ಅಲ್ಲಾಹ್," ಎಂದು ಹಣೆ ಮುಟ್ಟಿಕೊಂಡರು. ಹಿಂದೆ ತಿರುಗಿ ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೊಸಿಲು ದಾಟಿ ಹೊರಗೆ ಬಂದರು. "ಮೂರು ದಿನ ಬಿಸಿಲಿಗೆ ಬಿಟ್ಟೆ. ನೀನು ಶಾಲೆಯಲ್ಲಿ ಪುಸ್ತಕ ನೋಡುವವಳಾ, ಗೋಡೆ ನೋಡುವವಳಾ?"

"ಮರೆತಿರೇನೋ ಎಂದು..."

"ಈ ಸೊಂಟ ಇಟ್ಟುಕೊಂಡು ಮೂರು ದಿನ ಮೆಟ್ಟಿಲು ಹತ್ತಿದ್ದೇನೆ, ಅದು ಹೋಯಿತಾ ಇಲ್ಲವಾ ನೋಡಲಿಕ್ಕೆ. ನೀನೋ ತಂದು ವಾಪಸ್ ಕೊಡುತ್ತೀ." ಬಟ್ಟೆಯನ್ನು ನನ್ನ ಎದೆಗೆ ಒತ್ತಿದರು. "ನಾನು ಕೊಡಲಿಲ್ಲ. ತಿಳಿಯಿತಾ? ಮಗಳು ಕೇಳಿದರೆ ಗಾಳಿ ಒಯ್ದಿತು ಎನ್ನುವವಳು ನಾನು. ನಿನ್ನ ತಾಯಿಗೂ ಹಾಗೇ ಹೇಳು. ನನ್ನ ಹೆಸರು ಎಲ್ಲೂ ಹೇಳಬೇಡ."

"ಹೇಳುವುದಿಲ್ಲ."

ಅವರು ಬಾಗಿಲು ಹಾಕಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ನಿಂತರು.

"ನನ್ನ ತಾಯಿ ಜಂಜಿಬಾರಿನಲ್ಲಿ ಹುಟ್ಟಿದವಳು. ಅವಳ ತಾಯಿ ಎಲ್ಲಿಂದ ಬಂದವಳು ಎಂದು ಸಣ್ಣವಳಿದ್ದಾಗ ಒಮ್ಮೆ ಕೇಳಿದೆ. ಹೊಡೆದಳು. ಆಮೇಲೆ ಕೇಳಲಿಲ್ಲ. ನನ್ನ ಮಗಳು ನನ್ನನ್ನು ಕೇಳಿಲ್ಲ, ಅವಳನ್ನು ಬೇರೆಯವರು ಕೇಳುತ್ತಾರೆ." ನನ್ನ ಕೈಯಲ್ಲಿದ್ದ ಬಟ್ಟೆ ಸವರಿ, "ಇದು ನನಗಿಂತ ಮೊದಲು ಅವಳದು, ನನ್ನ ತಾಯಿಯದು. ಮೂಲೆ ನೋಡು, ನಿಮ್ಮ ಕಡೆಯದೇ."

ಮೂಲೆಯಲ್ಲಿ, ಅಂಚಿನ ಪಕ್ಕ, ಮೇಡ್ ಇನ್ ಇಂಡಿಯಾ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಖಾಲಾ ಮತ್ತೆ ಹೊಟ್ಟೆ ಕುಲುಕಿಸಿ ನಕ್ಕು ಒಳಗೆ ಹೋದರು. ನಾನು ಮೆಟ್ಟಿಲು ಹತ್ತುವಾಗ ಬಟ್ಟೆ ಇನ್ನೂ ಬಿಸಿಯಾಗಿತ್ತು.

ಈ ಬಾರಿ ಬೇರೊಬ್ಬರ ಕೈಯಲ್ಲಿ ಕಳಿಸಿದೆ, ಯಾರದೆಂದು ಹೇಳದೆ. ಅದು ಮುಟ್ಟಿದ ದಿನ ಅವ್ವ ವಿಡಿಯೊ ಕರೆಯಲ್ಲಿ ಅದರುದ್ದಕ್ಕೂ ಬೆರಳಾಡಿಸಿ ನೋಡಿದಳು. ಆಮೇಲೆ, "ಇದು ಇಬ್ಬರು ಉಟ್ಟದ್ದು," ಎಂದಳು. ನಾನು ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

"ಅದು ದೊಡ್ಡವ್ವನ ನಡಿಗಿ ಅಲ್ಲವಂತ," ಎಂದೆ. "ಅವರೂ ಬಿದ್ದಾರ. ಸೊಂಟ ಮುರದೈತಿ."

"ಮುರದ ಮ್ಯಾಲೂ ನಡೀತಾಳಲ್ಲ," ಎಂದಳು ಅವ್ವ. "ನಾ ನೋಡಿದ್ದು ಅದನ್ನ."

ಖಾಲಾ ಅವರ ಮಗಳು ಒಂದು ಸಂಜೆ ಮೇಲೆ ಬಂದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಮನೆಯೊಳಗೆ ಬಂದದ್ದು. ಕುರ್ಚಿಯ ಅಂಚಿನಲ್ಲಿ ಕೂತು, ಜೊತೆಗಾತಿ ಕೊಟ್ಟ ಜ್ಯೂಸನ್ನು ಕುಡಿಯದೆ, ಶನಿವಾರ ಮನೆಗೆ ಜನ ಬರುತ್ತಾರೆ ಎಂದರು. ಹೊಸ ಸಂಬಂಧ. "ಬಂದವರು ಮೆಟ್ಟಿಲಲ್ಲಿ ನಿಮ್ಮನ್ನು ನೋಡಿದರೆ ನಮ್ಮ ಮನೆಯವರು ಎಂದುಕೊಳ್ಳುತ್ತಾರೆ. ಎಲ್ಲಿಯವರು ಎಂದು ಕೇಳಬಹುದು. ಏನು ಹೇಳುತ್ತೀರಿ?"

"ಭಾರತ."

"ಅಷ್ಟೇ ಹೇಳಿ. ದಯವಿಟ್ಟು."

ನಾನು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಿದ್ದುದು ಅಷ್ಟೇ. ಅದನ್ನೇ ಬೇರೆಯವರು ಕೇಳಿಕೊಂಡಾಗ ಯಾಕೆ ಅಷ್ಟು ಉರಿಯಿತು ಎಂದು ಈಗಲೂ ಯೋಚಿಸುತ್ತೇನೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಬೆರಳುಗಳು ಗ್ಲಾಸಿನ ಸುತ್ತ ಒಂದೇ ಸಮನೆ ತಿರುಗುತ್ತಿದ್ದವು. ನನ್ನವೂ ಮೇಜಿನ ಕೆಳಗೆ ಹಾಗೇ ತಿರುಗುತ್ತಿದ್ದವು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರುಗಳು ಬಂದವು. ನಾನು ಪರದೆ ಎಳೆದುಕೊಂಡು ಒಳಗಿದ್ದೆ. ಜೊತೆಗಾತಿ ಡ್ಯೂಟಿಗೆ ಹೋಗಿದ್ದಳು. ಹನ್ನೊಂದೂವರೆಗೆ ಅಣ್ಣ ಚಿತ್ರ ಕಳಿಸಿದ. ಹಿಂದಿನ ದಿನ ಹೆಣ್ಣುಮಗು ಹುಟ್ಟಿತ್ತು. ಇದು ಆಸ್ಪತ್ರೆಯಿಂದ ಮನೆಗೆ ತಂದ ಮೇಲಿನ ಚಿತ್ರ. ಮಗು ಕೌದಿಯ ಮೇಲೆ ಮುಷ್ಟಿ ಹಿಡಿದು ಮಲಗಿತ್ತು, ಅದರ ಎಡಗಾಲಿನ ಬಳಿ ಕೌದಿಯ ನಟ್ಟನಡುವೆ ಕಂದುಗೆಂಪು ತುಂಡು. ನಡು ಮುಚ್ಚಿತ್ತು.

ನಾನು ಅಡಿಗೆಮನೆಗೆ ಹೋದೆ, ಕೋಣೆಗೆ ಬಂದೆ, ಮತ್ತೆ ಹೋದೆ. ಕೆಳಗೆ ಕಾಫಿಯ ಬಟ್ಟಲುಗಳ ಸದ್ದು, ಗಂಡಸರ ನಗು, ಆಮೇಲೆ ಬಹಳ ಹೊತ್ತು ಒಬ್ಬನೇ ಮಾತಾಡುತ್ತಿದ್ದ ತಗ್ಗಿದ ದನಿ. ಏನು ಕೇಳುತ್ತಿದ್ದಾನೆ ಎಂದು ನನಗೆ ಊಹೆಯಿತ್ತು. ಬಾಗಿಲವರೆಗೆ ಹೋಗಿ ಚಿಲಕ ಮುಟ್ಟಿ ಬಂದೆ. ಹನ್ನೆರಡು ದಾಟಿತು. ಚಿತ್ರವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ. ಆಗಲೇ ಗಮನಿಸಿದ್ದು, ನಾಲ್ಕು ಮೂಲೆಯ ಹೂಗಳು ಹಳದಿ ಮೇಲೆ ಕಪ್ಪು. ನಾನು ತೊಳೆದು ಕಳಿಸಿದ ಸುಳ್ಳು ಬಟ್ಟೆ. ಅವ್ವನಿಗೆ ಸಂದೇಶ ಹಾಕಿದೆ: ಅದು ಯಾರದೂ ಅಲ್ಲ ಅಂದಿದ್ದಿ. ಅತ್ತಿಗೆಯ ಫೋನಿನಿಂದ ಅವ್ವನ ವಾಯ್ಸ್ ಮೆಸೇಜ್ ಬಂತು, "ಗಂಜಿ ಹೋಗ್ಲಿ ಅಂತ ಒಂದು ವಾರ ಉಟ್ಟಿದ್ದಿಯಂತ, ಆಮ್ಯಾಲ ಪಾರ್ಸೆಲ್ ಕೇಳಾಕ ಫೋನ್ ಮಾಡಿದಾಗ ನಿನ್ನ ಜೊತಿ ಹುಡುಗಿ ನಿಮ್ಮಣ್ಣಗ ಹೇಳ್ಯಾಳ. ಒಂದು ವಾರದ್ದು ಮೂಲಿಗಿ ಸಾಕು."

ಒಂದು ಗಂಟೆಗೆ ಕಾರುಗಳು ಹೊರಟವು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಂಬಿ ಬಡಿದ ಸದ್ದು. ಖಾಲಾ ಮೆಟ್ಟಿಲ ಬುಡದಲ್ಲಿ ಹಬ್ಬದ ಬಟ್ಟೆಯಲ್ಲೇ ಕೂತಿದ್ದರು, ಕಾಲು ಚಾಚಿಕೊಂಡು, ಪಕ್ಕದಲ್ಲಿ ಹಲ್ವದ ತಟ್ಟೆ.

"ಏನು ಹೇಳಿದರು?" ಎಂದು ಕೇಳಿದೆ.

"ಫೋನ್ ಮಾಡುತ್ತಾರಂತೆ." ಕೈ ತಿರುವಿದರು. "ಕೇಳಿದರು. ಎಲ್ಲವನ್ನೂ ಕೇಳಿದರು. ಮೇಲೆ ಯಾರಿದ್ದಾರೆ ಎಂದೂ ಕೇಳಿದರು."

"ನೀವೇನು ಹೇಳಿದಿರಿ?"

"ಭಾರತದವಳು, ಬಹಳ ಓದಿದವಳು, ಹಗ್ಗದ ಮೇಲಿನ ಬಟ್ಟೆ ಕಾಣುವುದಿಲ್ಲ ಎಂದೆ." ಕೈ ಚಾಚಿದರು. "ಯಲ್ಲಾ, ತೋರಿಸು. ನಿನ್ನ ಮುಖ ನೋಡಿದರೇ ಗೊತ್ತಾಗುತ್ತದೆ."

ಫೋನು ಕೊಟ್ಟೆ. ಅವರು ಮೊದಲು ಮಗುವನ್ನು ನೋಡಿ ಮಾಷಾ ಅಲ್ಲಾಹ್ ಎಂದರು. ಆಮೇಲೆ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ನಡುವಿನ ತುಂಡಿನ ಮೇಲೆ ಬೆರಳಿಟ್ಟು ತೆಗೆದರು. ಒಳಗೆ ಮಗಳು ಬಟ್ಟಲು ತೊಳೆಯುತ್ತಿದ್ದ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಖಾಲಾ ಬೆರಳನ್ನು ಪಕ್ಕದ ನೀಲಿ ತುಂಡಿಗೆ ಸರಿಸಿದರು. "ಇದು ಯಾರದು?"

"ನನ್ನ ಅಜ್ಜಿಯದು."

"ಇದು?"

"ಅವ್ವನ ಮದುವೆ ಸೀರೆ."

"ಇದು?"

ಅದು ನನ್ನ ಹೈಸ್ಕೂಲಿನ ಯೂನಿಫಾರ್ಮು. ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ. ಒಳಗಿನ ನಲ್ಲಿಯ ಸದ್ದು ಪೂರ್ತಿ ನಿಂತಿತ್ತು. ದನಿ ತಗ್ಗಿಸಬೇಕೆಂದು ನನಗೆ ಅನಿಸಿತು, ಆದರೆ ತಗ್ಗಿಸಲಿಲ್ಲ. ಒಂದೊಂದಾಗಿ ಹೇಳುತ್ತ ಹೋದೆ.